ಲೈಟ್ ಹಾಕು, ಬೀಗ ಹಾಕು, ನೀರು ಹಾಕು

ಕೇಳುಗರಿಗೆ ನಮಸ್ಕಾರ.

ಲೈಟ್ ಹಾಕು, ಬಾಗಿಲಿಗೆ ಬೀಗ ಹಾಕು, ಗಿಡಕ್ಕೆ ನೀರು ಹಾಕು, ಮಗುವಿಗೆ ಅನ್ನ ಹಾಕು, ಇಲ್ಲೊಂದು ಸಹಿ ಹಾಕು. ಬೆಳಗಿನಿಂದ ರಾತ್ರಿಯವರೆಗೆ ಈ 'ಹಾಕು' ನಮ್ಮ ಬಾಯಲ್ಲಿ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಇಂಗ್ಲಿಷ್ ಕಲಿಯಲು ಹೊರಟವರು 'ಹಾಕು ಅಂದರೆ ಪುಟ್' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿ.

ಇಂಗ್ಲಿಷಿನಲ್ಲಿ ಲೈಟಿಗೆ 'ಟರ್ನ್ ಆನ್'. ಬಾಗಿಲಿಗೆ 'ಲಾಕ್ ದ ಡೋರ್'. ಗಿಡಕ್ಕೆ 'ವಾಟರ್ ದ ಪ್ಲಾಂಟ್ಸ್'. ನೀರೇ ಅಲ್ಲಿ ಕ್ರಿಯಾಪದ. ಅನ್ನಕ್ಕೆ 'ಸರ್ವ್', ಸಹಿಗೆ 'ಸೈನ್ ಹಿಯರ್'. ಅಂಗಿ ಹಾಕಿಕೊಳ್ಳುವ ಕೆಲಸಕ್ಕೆ 'ಪುಟ್ ಆನ್', ಹಾಕಿಕೊಂಡ ಮೇಲೆ ಅದು ಮೈಮೇಲೆ ಇರುವುದಕ್ಕೆ 'ವೇರ್'. ನಮ್ಮ ಒಂದು ಮಾತಿಗೆ ಅಲ್ಲಿ ಏಳು ದಾರಿ. ಆದ್ದರಿಂದ ಬಿಡಿಪದ ಕಲಿಯಬೇಡಿ, ಅದು ಯಾವುದರ ಜೊತೆ ಕೂಡುತ್ತದೋ ಅದರ ಸಮೇತ ಕಲಿಯಿರಿ.

ತೊಡಕಿನ ಇನ್ನೊಂದು ಜಾಗ 'ನನಗೆ'. ನನಗೆ ತಲೆನೋವು, ನನಗೆ ಗೊತ್ತು, ನನಗೆ ಹಸಿವು. ಇವೆಲ್ಲ ಇಂಗ್ಲಿಷಿನಲ್ಲಿ 'ಐ' ಎಂದೇ ಶುರುವಾಗುತ್ತವೆ: 'ಐ ಹ್ಯಾವ್ ಎ ಹೆಡೇಕ್', 'ಐ ನೋ', 'ಐ ಆಮ್ ಹಂಗ್ರಿ'. ಕನ್ನಡದಲ್ಲಿ ತಲೆನೋವು ನಮ್ಮ ಹತ್ತಿರ ಬರುತ್ತದೆ, ಇಂಗ್ಲಿಷಿನಲ್ಲಿ ಅದನ್ನು ನಾವು ಇಟ್ಟುಕೊಂಡಿರುತ್ತೇವೆ. ಈ ಒಂದು ತಿರುವು ಕೈಗೆ ಹತ್ತಿತೆಂದರೆ ನೂರಾರು ವಾಕ್ಯ ತಾವಾಗಿ ಸರಿಯಾಗುತ್ತವೆ.

ಯಾವ ಪದ ಮೊದಲು? ಢಾಕಾದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಓದಿನ ಮೇಲೆ ಕೆಲಸ ಮಾಡಿದ ಮೈಕೆಲ್ ವೆಸ್ಟ್ 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಗೆಟ್, ಟೇಕ್, ಮೇಕ್, ಕೀಪ್ ಥರದ ಪುಟ್ಟ ಪದಗಳೇ ಅದರ ಬೆನ್ನೆಲುಬು. ಪತ್ರಿಕೆಯಿಂದ ಹೆಕ್ಕಿದ ಭಾರಿ ಪದಗಳಿಗೆ ಆಮೇಲೆ ಸಮಯವಿದೆ.

ಈಗ ಕೆಲಸ. ಇಸ್ಪೀಟ್ ಎಲೆಯಷ್ಟು ದೊಡ್ಡ ರಟ್ಟಿನ ಚೀಟಿ ಕತ್ತರಿಸಿಕೊಳ್ಳಿ. ಒಂದು ಮುಖಕ್ಕೆ ಕನ್ನಡ ವಾಕ್ಯ: 'ಐನೂರಕ್ಕೆ ಚಿಲ್ಲರೆ ಇದೆಯಾ?' ಹಿಂಬದಿಗೆ: 'ಡು ಯು ಹ್ಯಾವ್ ಚೇಂಜ್ ಫಾರ್ ಫೈವ್ ಹಂಡ್ರೆಡ್?' ದಿನಕ್ಕೆ ಐದೇ ಚೀಟಿ ಸಾಕು. ಇಪ್ಪತ್ತು ಮಾಡಿದವರು ನಾಲ್ಕನೇ ದಿನಕ್ಕೆ ಎಂಬತ್ತು ಚೀಟಿಯ ರಾಶಿ ನೋಡಿ ಕೈಬಿಡುತ್ತಾರೆ. ಮರುದಿನ ಒಮ್ಮೆ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ ತಿರುವಿ ನೋಡಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ನೆನಪನ್ನೇ ಪರೀಕ್ಷೆಗೆ ಒಡ್ಡಿ 1885ರಲ್ಲಿ ತೋರಿಸಿದಂತೆ ಮರೆವು ಮೊದಮೊದಲ ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಅದಕ್ಕೇ ಮರುದಿನದ ಸರದಿ ತಪ್ಪಿಸಬಾರದು. ತಪ್ಪಿದ ಚೀಟಿ ಮತ್ತೆ ಮರುದಿನದ ಗುಂಪಿಗೇ ಹೋಗಲಿ.

ಯಾವಾಗಲೂ ಕನ್ನಡದ ಮುಖ ಮೇಲಿರಲಿ, ಇಂಗ್ಲಿಷ್ ಗಟ್ಟಿಯಾಗಿ ಬಾಯಿಂದ ಬರಲಿ. ಇಂಗ್ಲಿಷ್ ನೋಡಿ ಅರ್ಥ ಹೇಳುವ ಅಭ್ಯಾಸ ಮಾಡಿದರೆ ಓದು ಸಾಗುತ್ತದೆ, ಅಂಗಡಿ ಮುಂದೆ ನಿಂತಾಗ ಮಾತು ಹೊರಡುವುದಿಲ್ಲ. ಗಟ್ಟಿಯಾಗಿ ಹೇಳುವಾಗ ಪದದ ಕೊನೆಯನ್ನೂ ಗಮನಿಸಿ. ಕನ್ನಡದ ನಾಲಿಗೆಗೆ ಕೊನೆಯಲ್ಲೊಂದು ಸ್ವರ ಬೇಕು, ಬಸ್ 'ಬಸ್ಸು' ಆಗುತ್ತದೆ, ಎಗ್ 'ಎಗ್ಗು' ಆಗುತ್ತದೆ.

ಜೋಡಿ ಪದಗಳನ್ನು ಒಂದೇ ದಿನ ಕಲಿಯಬೇಡಿ. 'ಬಾರೋ', 'ಲೆಂಡ್' ಎರಡನ್ನೂ ಒಟ್ಟಿಗೆ ಬಾಯಿಪಾಠ ಮಾಡಿದವರಿಗೆ ಸಾಲ ಕೊಡುವುದು ಯಾವುದು, ತರುವುದು ಯಾವುದು ಎಂಬ ಗೊಂದಲ ತಿಂಗಳಾದರೂ ಹೋಗುವುದಿಲ್ಲ. ಮೊದಲು ಬಾರೋ. ನಮ್ಮ ಕಿವಿಗೆ ಅದು 'ಬಾರೋ' ಅಂತಲೇ ಕೇಳಿಸುತ್ತದಲ್ಲ, ಸಾಲ ನಮ್ಮ ಕಡೆಗೆ ಬರುವುದು. ಅದು ಗಟ್ಟಿಯಾದ ವಾರದ ನಂತರ ಲೆಂಡ್.

ನಾಲ್ಕು ಸಲ ತಪ್ಪಿದ ಚೀಟಿ ಇದ್ದರೆ ಹರಿದುಹಾಕಿ. ಆ ವಾಕ್ಯ ನಿಮ್ಮ ಮನೆಯದಲ್ಲ. ನೀವು ದಿನಾ ಕೂಗುವ ಮಾತನ್ನೇ ಹೊಸ ಚೀಟಿಗೆ ಬರೆಯಿರಿ: 'ಟ್ಯಾಂಕ್ ತುಂಬಿ ಹರೀತಿದೆ, ಮೋಟರ್ ಆಫ್ ಮಾಡು.' ಹಿಂದೆ: 'ದ ಟ್ಯಾಂಕ್ ಈಸ್ ಓವರ್‌ಫ್ಲೋಯಿಂಗ್. ಟರ್ನ್ ಆಫ್ ದ ಮೋಟರ್.'

ನಮಸ್ಕಾರ.