ರಾಣಿಯೇ ಬೇಡ ಎಂದ ಮುದಿ ಬಿರುದು

ನಮಸ್ಕಾರ. ಇವತ್ತು ಒಂದು ಕಾಗದದಿಂದ ಶುರು ಮಾಡುತ್ತೇನೆ.

2021ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆ ಎಲಿಜಬೆತ್ ರಾಣಿಗೆ ಪ್ರಶಸ್ತಿ ಕೊಡಲು ಹೊರಟಿತು. ಪ್ರಶಸ್ತಿಯ ಹೆಸರು 'ವರ್ಷದ ಓಲ್ಡಿ'. ಮುಲಾಜಿಲ್ಲದೆ ಹೇಳಿದರೆ, ವರ್ಷದ ಮುದುಕಿ. ರಾಣಿಗೆ ಆಗ 95. ಅರಮನೆಯಿಂದ ಬಹಳ ನಯವಾದ ಉತ್ತರ ಬಂತು. ನಮಗೆ ಎಷ್ಟು ವಯಸ್ಸಾಗಿದೆ ಅನಿಸುತ್ತದೋ ಅಷ್ಟೇ ನಮ್ಮ ವಯಸ್ಸು ಎಂಬುದು ರಾಣಿಯವರ ನಂಬಿಕೆ, ಹಾಗಾಗಿ ಈ ಪ್ರಶಸ್ತಿಗೆ ಬೇಕಾದ ಅರ್ಹತೆ ತಮಗಿಲ್ಲ, ದಯವಿಟ್ಟು ಇನ್ನೂ ತಕ್ಕವರನ್ನು ನೋಡಿಕೊಳ್ಳಿ ಅಂತ.

ಇದಕ್ಕೆ 10 ವರ್ಷ ಮುಂಚೆ ಅವರ ಗಂಡ ಫಿಲಿಪ್ ಇದೇ ಪ್ರಶಸ್ತಿಯನ್ನು ಖುಷಿಯಿಂದ ಒಪ್ಪಿಕೊಂಡಿದ್ದರು. ಆಗ ಅವರಿಗೆ 90. ವರ್ಷಗಳು ಓಡುತ್ತಿವೆ, ಹಳೇ ದೇಹದಿಂದ ಒಂದೊಂದೇ ಭಾಗ ಉದುರುತ್ತಿದೆ ಎಂದು ಯಾರಾದರೂ ನೆನಪಿಸಿದರೆ ಎಷ್ಟು ಹುರುಪು ಬರುತ್ತದೆ ಎಂಬ ಧಾಟಿಯಲ್ಲಿ ಕಾಗದ ಬರೆದಿದ್ದರು. ಮನೆ ಒಂದೇ, ಲೆಕ್ಕ ಬೇರೆ ಬೇರೆ.

ಆ ಪತ್ರಿಕೆಯ ಹೆಸರು 'ದಿ ಓಲ್ಡಿ'. ಈ ಪದವನ್ನು ಕನ್ನಡಕ್ಕೆ ತರೋಣ ಅಂತ ಕೂತೆ, ಸೋತೆ. 'ಹಿರಿಯ ನಾಗರಿಕ' ಅಂದರೆ ಬ್ಯಾಂಕಿನ ಠೇವಣಿಗೆ ಸಿಗುವ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ನೆನಪಾಗುತ್ತದೆ. 'ಹಿರಿಯರು' ಅಂದರೆ ಕಾಲಿಗೆ ಬೀಳಬೇಕು. 'ಮುದಿಯ' ಅಂದರೆ ಬೈಗುಳ. ಸಲಿಗೆಯಿಂದ ಗೇಲಿ ಮಾಡುವ ಪದ ಬೇಕಿತ್ತು. ನಿಮಗೆ ಹೊಳೆದರೆ ಹೇಳಿ.

ಈ ಪತ್ರಿಕೆಯನ್ನು ಶುರು ಮಾಡಿದವರು ರಿಚರ್ಡ್ ಇಂಗ್ರಾಮ್ಸ್. ದೊಡ್ಡವರ ಬಣ್ಣ ಬಯಲು ಮಾಡುವ 'ಪ್ರೈವೇಟ್ ಐ' ಎಂಬ ವಿಡಂಬನೆ ಪತ್ರಿಕೆಯನ್ನು 20 ವರ್ಷಕ್ಕಿಂತ ಜಾಸ್ತಿ ನಡೆಸಿದವರು. 1986ರಲ್ಲಿ ಅದನ್ನು 26 ವರ್ಷದ ಇಯಾನ್ ಹಿಸ್ಲಪ್ ಎಂಬ ಹುಡುಗನ ಕೈಗೆ ಕೊಟ್ಟು ಎದ್ದು ಬಂದರು. ಸುಮ್ನೆ ಕೂರಲಿಲ್ಲ. 1992ರಲ್ಲಿ ಓಲ್ಡಿ ತಂದರು. ಎಲ್ಲ ಪತ್ರಿಕೆಗಳೂ ಯುವಕರು, ಯುವಕರು ಅಂತ ಜಪ ಮಾಡುತ್ತಿದ್ದ ಕಾಲ ಅದು. ಇವರು ಓದುಗರನ್ನು ಕರೆದ ರೀತಿ ಕೇಳಿ: ಗೊಟಕ್ ಅನ್ನುವ ಮೊದಲು ಕೊಂಡುಕೊಳ್ಳಿ! ಹೇಳಿದವರ ವಯಸ್ಸು ಬರೀ 54.

ಒಳಗೆ ಮಂಡಿನೋವಿನ ಸಲಹೆ ಇರಬಹುದು ಅಂದುಕೊಂಡರೆ ತಪ್ಪು. ಸಾಹಿತ್ಯ, ಸಂಗೀತ, ವ್ಯಂಗ್ಯಚಿತ್ರ, ಪದಬಂಧ, ಗೊಣಗಾಟ. 'ನಾನೊಮ್ಮೆ ಭೇಟಿಯಾಗಿದ್ದೆ' ಅಂತ ಒಂದು ಅಂಕಣವಿದೆ. ಯಾರೋ ಒಬ್ಬ ದೊಡ್ಡ ಮನುಷ್ಯ ಎಂದೋ ಒಮ್ಮೆ ಎದುರಾದದ್ದು, ಅಷ್ಟೇ ವಿಷಯ. ಇನ್ನೊಂದು ಅಂಕಣದಲ್ಲಿ ಇವತ್ತಿನ ಕಾಲದ ಹೊಸ ಪದಗಳನ್ನು, ಪರದೇಶದ ಪ್ರಾಣಿ ಕಂಡವರ ಹಾಗೆ ಬಿಡಿಸಿ ಹೇಳುತ್ತಾರೆ. ನನಗೆ ಇಷ್ಟವಾಗುವುದು ಇದೇ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದಕ್ಕೆ ಅವರಿಗೆ ನಾಚಿಕೆಯಿಲ್ಲ.

ಆದರೆ ಇಷ್ಟೇ ಆಗಿದ್ದರೆ ನಾನು ಕ್ಯಾಮೆರಾ ಮುಂದೆ ಕೂರುತ್ತಿರಲಿಲ್ಲ.

ಜಿಮ್ಮಿ ಸ್ಯಾವಿಲ್ ಹೆಸರು ಕೇಳಿದ್ದೀರಾ? ಬಿಬಿಸಿಯ ದೊಡ್ಡ ತಾರೆ. ಮಕ್ಕಳ ಆಸೆ ಈಡೇರಿಸುವ ಕಾರ್ಯಕ್ರಮ ನಡೆಸುತ್ತಿದ್ದವನು. ಸರ್ ಪದವಿ ಬೇರೆ. 2011ರ ಅಕ್ಟೋಬರಿನಲ್ಲಿ ಸತ್ತ. ಅವನು ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ ಅಂತ ಬಿಬಿಸಿಯದೇ 'ನ್ಯೂಸ್‌ನೈಟ್' ತಂಡ ವಿಷಯ ಕಲೆಹಾಕಿತು. ಆ ವರದಿ ಹೊರಗೆ ಬರಲಿಲ್ಲ, ಕೈಬಿಟ್ಟರು. ಅದೇ ಕ್ರಿಸ್‌ಮಸ್‌ಗೆ ಬಿಬಿಸಿ ಅವನನ್ನು ಹೊಗಳುವ ಕಾರ್ಯಕ್ರಮ ಹಾಕಿತು.

ವರದಿಯನ್ನು ಹೂತದ್ದು ಮೈಲ್ಸ್ ಗಾಸ್ಲೆಟ್ ಎಂಬ ಪತ್ರಕರ್ತನಿಗೆ ಗೊತ್ತಾಯಿತು. ಹಲವು ದೊಡ್ಡ ಪತ್ರಿಕೆಗಳ ಬಾಗಿಲು ತಟ್ಟಿದ. ಯಾರಿಗೂ ಬೇಡವಾಯಿತು. ಕೊನೆಗೆ 2012ರ ಶುರುವಿನಲ್ಲಿ ಅದನ್ನು ಅಚ್ಚು ಹಾಕಿದ್ದು ಯಾರು? ಅಜ್ಜ-ಅಜ್ಜಿಯರ ಹಾಸ್ಯ ಪತ್ರಿಕೆ! ದೇಶ ಬೆಚ್ಚಿಬಿದ್ದದ್ದು ಆ ಅಕ್ಟೋಬರಿನಲ್ಲಿ, ಐಟಿವಿ ಎಂಬ ಇನ್ನೊಂದು ಚಾನೆಲಿನ ಸಾಕ್ಷ್ಯಚಿತ್ರ ಬಂದ ಮೇಲೆ. ಆಮೇಲೆ ನೂರಾರು ಜನ ದೂರು ಹೇಳಿಕೊಂಡರು. ಓಲ್ಡಿ ಇದನ್ನು ಎಷ್ಟೋ ತಿಂಗಳ ಹಿಂದೆಯೇ ಬರೆದು ಕೂತಿತ್ತು.

ಇದು ಅದೃಷ್ಟ ಅಂತ ನನಗೆ ಅನ್ನಿಸುವುದಿಲ್ಲ. ಇಂಗ್ರಾಮ್ಸ್ ಪ್ರೈವೇಟ್ ಐನಲ್ಲಿ ಇದ್ದಾಗಲೇ ಮಾನನಷ್ಟ ಮೊಕದ್ದಮೆಗಳನ್ನು ಕಂಡು ಕಂಡು ಮೈಚರ್ಮ ದಪ್ಪ ಮಾಡಿಕೊಂಡವರು. 74 ದಾಟಿದ ಮನುಷ್ಯ. ಯಾವ ಸಾಹೇಬರ ಮರ್ಜಿ ಹಿಡಿದು ಏನಾಗಬೇಕಿತ್ತು? ಬಡ್ತಿ ಬೇಕಿರಲಿಲ್ಲ. ನಾಳೆ ಬಿಬಿಸಿಯಲ್ಲಿ ಕೆಲಸ ಕೇಳುವವರೂ ಅಲ್ಲ. ನಾವು ವಯಸ್ಸಾದವರ ಅನುಭವವನ್ನು ಹೊಗಳುತ್ತೇವೆ, ಅಲ್ವಾ? ಅವರ ಧೈರ್ಯದ ಬಗ್ಗೆ ಯಾರೂ ಮಾತಾಡುವುದಿಲ್ಲ.

ದೂರೂ ಇದೆ ನನ್ನದು. 'ನಮ್ಮ ಕಾಲದಲ್ಲಿ' ಎಂಬ ರಾಗ ಅಲ್ಲಿ ಸ್ವಲ್ಪ ಜಾಸ್ತಿ. ಆಕ್ಸ್‌ಫರ್ಡಿನಲ್ಲಿ ಓದಿದ ಗೆಳೆಯರ ಪಡಸಾಲೆಯ ವಾಸನೆ ಹೊಡೆಯುತ್ತದೆ. ಓದುಗರಿಗಾಗಿ ಅವರು ನಡೆಸುವ ಸಾಹಿತ್ಯದ ಊಟಗಳು ವರ್ಷಗಟ್ಟಲೆ ನಡೆದದ್ದು ಲಂಡನ್ನಿನ ಸಿಂಪ್ಸನ್ಸ್ ಹೋಟೆಲಿನಲ್ಲಿ. ಅದು ಹುರಿದ ಗೋಮಾಂಸಕ್ಕೆ ಹೆಸರಾದ ಜಾಗ, ಪುಕ್ಕಟೆ ಪಾಸಿನಲ್ಲಿ ಬಸ್ಸು ಹತ್ತುವ ಮುದುಕರು ಹೋಗುವ ಜಾಗವಲ್ಲ.

ಇನ್ನು ಹಟ. 2014ರಲ್ಲಿ ಇಂಗ್ರಾಮ್ಸ್‌ಗೂ ಪ್ರಕಾಶಕರಿಗೂ ಜಗಳ ಹತ್ತಿತು. ಶಿಸ್ತಿನ ವಿಚಾರಣೆಗೆ ಬನ್ನಿ ಎಂದು ಕರೆದರಂತೆ, 76 ವರ್ಷದ ಮನುಷ್ಯನನ್ನು! ಇವರು ಹೋಗಲಿಲ್ಲ, ರಾಜೀನಾಮೆ ಬಿಸಾಕಿದರು. ಸರಿ, ಹೊಸ ರಕ್ತ ಬೇಕಲ್ಲ. ಹುಡುಕಿ ಹುಡುಕಿ ಅಲೆಕ್ಸಾಂಡರ್ ಚಾನ್ಸಲರ್ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದರು.

ಅವರಿಗೆ 74.