ನೀರು ಹೊಕ್ಕ ಮನೆಯನ್ನು ಮಾರುವ ಮುಂಚೆ

ಎಲ್ಲರಿಗೂ ನಮಸ್ಕಾರ. ಜೂನ್ ಬಂತು, ಹರಿಕೇನ್ ಸೀಸನ್ ಶುರುವಾಯಿತು. ಇನ್ನು ನವೆಂಬರ್ 30ರವರೆಗೆ ಹ್ಯೂಸ್ಟನ್‌ನಲ್ಲಿ ನಾವೆಲ್ಲ ಒಂದು ಕಣ್ಣನ್ನು ಹವಾಮಾನದ ಮೇಲೆ ಇಟ್ಟೇ ಇರುತ್ತೇವೆ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಏನು ಮಾಡಿತು ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯ ಒದ್ದೆ ಗೋಡೆ ಕತ್ತರಿಸಲು ನಾವೇ ಬಂದಿದ್ದೆವು. ಮಳೆ ನಿಂತ ಮೇಲೆ ಮನೆ ಕೊಳ್ಳುತ್ತೇವೆ ಅಂತ ಬಾಗಿಲು ತಟ್ಟುತ್ತಾರಲ್ಲ, ಇವತ್ತು ನನಗೆ ಅವರ ಬಗ್ಗೆ ಮಾತಾಡಬೇಕು.

'ವಿ ಬೈ ಹೌಸಸ್' ಅನ್ನುವ ಬೋರ್ಡು ನೋಡಿದ್ದೀರಿ ಅಲ್ವಾ? ಕರೆಂಟ್ ಕಂಬಕ್ಕೆ ಹೊಡೆದಿರುತ್ತಾರೆ. ಇದ್ದ ಹಾಗೇ ಕೊಳ್ಳುತ್ತೇವೆ, ಪೂರ್ತಿ ಕ್ಯಾಶ್, ಒಂದು ವಾರದಲ್ಲಿ ಕ್ಲೋಸಿಂಗ್, ಅಂದರೆ ಮಾರಾಟ ಪೂರ್ತಿ. ಹಾಗೆ ಮಾರುವುದು ತಪ್ಪು ಅಂತ ನಾನು ಖಂಡಿತ ಹೇಳುವುದಿಲ್ಲ. ಬಾಡಿಗೆಯನ್ನೂ ಮಾರ್ಟ್‌ಗೇಜನ್ನೂ ಎರಡನ್ನೂ ಕಟ್ಟಲಾಗದವರಿಗೆ, ಕೆಲಸಕ್ಕೆ ಬೇರೆ ಊರಿಗೆ ಹೊರಟವರಿಗೆ ಅದೇ ಸರಿಯಾದ ದಾರಿ ಇರಬಹುದು. ನನ್ನ ಮಾತು ಒಂದೇ. ಅವರ ಲೆಕ್ಕ ಕೇಳುವ ಮುಂಚೆ ನಿಮ್ಮ ಲೆಕ್ಕ ಮಾಡಿಕೊಳ್ಳಿ.

ಒಂದು ಮನೆಯ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ, ಹೆಸರು ಬೇಡ. ದಾವಣಗೆರೆ ಕಡೆಯ ದಂಪತಿ, ಪ್ರವಾಹದ ನೀರು ತಡೆಯಲು ಕಟ್ಟಿದ ಬಾರ್ಕರ್ ಜಲಾಶಯದ ಹಿಂಭಾಗದಲ್ಲಿ ಮನೆ. ಅಲ್ಲಿ ನೀರು ಹರಿದು ಹೋಗಲಿಲ್ಲ, ನಿಂತಿತು. ಅದು ಜಲಾಶಯ ತುಂಬಿದರೆ ನೀರು ನಿಲ್ಲುವ ಜಾಗ ಅಂತ ಮನೆ ಕೊಳ್ಳುವಾಗ ಅವರಿಗೆ ಗೊತ್ತೇ ಇರಲಿಲ್ಲ. ನಕ್ಷೆಯಲ್ಲಿ ಪ್ರವಾಹ ವಲಯದ ಹೊರಗೆ ಇದ್ದದ್ದರಿಂದ ಬ್ಯಾಂಕ್ ಫ್ಲಡ್ ಇನ್ಶೂರೆನ್ಸ್ ಕೇಳಿರಲಿಲ್ಲ, ಇವರೂ ಮಾಡಿಸಿರಲಿಲ್ಲ. ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹಕ್ಕೆ ಒಂದು ಡಾಲರೂ ಇಲ್ಲ. ವಿಪತ್ತು ನೆರವಿನ ಕೇಂದ್ರ ಸಂಸ್ಥೆ ಫೆಮಾದವರು ಆ ವರ್ಷ ಒಂದು ಕುಟುಂಬಕ್ಕೆ ಕೊಡಬಹುದಾಗಿದ್ದ ಗರಿಷ್ಠ ಮೊತ್ತ 33,300 ಡಾಲರ್. ಅಷ್ಟು ಸಿಕ್ಕವರೂ ಕಡಿಮೆ.

ಆ ಕಡೆ ಊರಿಂದ ಅಮ್ಮನ ಫೋನು. 'ಆ ಮನೆ ನಿಮಗೆ ಆಗಿಬರಲಿಲ್ಲ ಕಣಪ್ಪ, ಬಂದಷ್ಟಕ್ಕೆ ಮಾರಿಬಿಡ್ರಿ.' ನಗಬೇಡಿ, ನಮ್ಮೆಲ್ಲರ ಮನೆಯಲ್ಲೂ ಇದೇ ಮಾತು ಬರುತ್ತದೆ. ಅಮ್ಮನಿಗೆ ಮಗನ ಮೇಲಿನ ಕಾಳಜಿ. ಆದರೆ ಆ ಮಾತು ಮನಸ್ಸಿಗೆ ಹೊಕ್ಕರೆ ಮನುಷ್ಯ ಬೆಲೆ ಕೇಳುವುದನ್ನೇ ಬಿಡುತ್ತಾನೆ. ಒಮ್ಮೆ ಕೈತೊಳೆದುಕೊಂಡರೆ ಸಾಕು ಅನ್ನಿಸುತ್ತದೆ.

ಸರಿಯಾಗಿ ಆ ಹೊತ್ತಿಗೆ ಒಬ್ಬ ಬಂದ. ಒದ್ದೆ ಕಾರ್ಪೆಟ್ ಇನ್ನೂ ಡ್ರೈವ್‌ವೇಯಲ್ಲಿ ಬಿದ್ದಿತ್ತು. ಬಹಳ ಒಳ್ಳೆಯ ಮಾತು, ಎರಡು ಕೇಸ್ ಕುಡಿಯುವ ನೀರು ಬೇರೆ ತಂದಿದ್ದ. 1,15,000 ಡಾಲರ್ ಕೊಡುತ್ತೇನೆ, ಇವತ್ತೇ ಸಹಿ ಮಾಡಿ ಅಂದ. ಪ್ರವಾಹಕ್ಕೆ ಮುಂಚೆ ಆ ಮನೆಗೆ 3,20,000 ಇತ್ತು. ಗಂಡ ಪೆನ್ನು ಹುಡುಕುತ್ತಿದ್ದರು. ಹೆಂಡತಿ ನನಗೆ ಫೋನ್ ಮಾಡಿದರು, 'ಒಂದ್ಸಲ ಬಂದು ನೋಡ್ತೀರಾ?' ಅಂತ.

ಅಡುಗೆಮನೆ ಕಟ್ಟೆಯ ಮೇಲೆ ಪೇಪರ್ ಹರಡಿಕೊಂಡು ಓದಿದೆ. ಮೂರೇ ಪುಟ. ಅರ್ನೆಸ್ಟ್ ಮನಿ, ಅಂದರೆ ಮುಂಗಡ, ಎಷ್ಟು? ಹತ್ತು ಡಾಲರ್! ಆಪ್ಶನ್ ಪೀರಿಯಡ್ ಅರವತ್ತು ದಿನ. ಅಂದರೆ ಅರವತ್ತು ದಿನ ಇವರು ಬೇರೆ ಯಾರಿಗೂ ಮಾರುವಂತಿಲ್ಲ, ಅವನು ಮಾತ್ರ ಯಾವಾಗ ಬೇಕಾದರೂ ಕಾರಣ ಹೇಳದೆ ಎದ್ದು ಹೋಗಬಹುದು. ಕೊಳ್ಳುವವರ ಹೆಸರಿನ ಪಕ್ಕದಲ್ಲಿ 'ಆಂಡ್/ಆರ್ ಅಸೈನ್ಸ್' ಅಂತ ಇತ್ತು. ಅಲ್ಲಿಗೆ ಅರ್ಥವಾಯಿತು. ಅವನ ಹತ್ತಿರ ಕ್ಯಾಶ್ ಇರಲಿಲ್ಲ. ಈ ಅಗ್ರಿಮೆಂಟನ್ನೇ ದುಡ್ಡಿರುವ ಇನ್ನೊಬ್ಬನಿಗೆ ಮಾರಿ ನಡುವೆ ಹದಿನೈದು ಇಪ್ಪತ್ತು ಸಾವಿರ ಇಟ್ಟುಕೊಳ್ಳುವ ದಳ್ಳಾಳಿ ಅವನು. ಅಸೈನ್ ಮಾಡುವುದು ಕಾನೂನಿಗೆ ವಿರುದ್ಧವೇನಲ್ಲ. ಆದರೆ ನಿಮಗೆ ತಿಳಿದಿರಬೇಕು.

ಮೂರನೇ ಪುಟದ ಕೊನೆಯಲ್ಲಿ ಇನ್ನೊಂದು ಸಾಲು. ಈ ಮನೆಗೆ ಸಂಬಂಧಿಸಿದ ಎಲ್ಲ ವಿಮೆ, ಪರಿಹಾರ, ಕ್ಲೇಮು ಕೊಂಡವರಿಗೇ ಸೇರುತ್ತವೆ ಅಂತ. ಆ ಜಲಾಶಯದ ಹಿಂಭಾಗದ ಮನೆಯವರು ಅದನ್ನು ಕಟ್ಟಿದ ಕೇಂದ್ರ ಸರ್ಕಾರದ ಮೇಲೆ ಕೇಸ್ ಹಾಕಿದರು, 2019ರ ಡಿಸೆಂಬರ್‌ನಲ್ಲಿ ಸರ್ಕಾರವೇ ಹೊಣೆ ಅಂತ ಕೋರ್ಟ್ ಹೇಳಿತು. ಅದು ನಿಮಗೆಲ್ಲ ಗೊತ್ತು. ಆ ಹಕ್ಕನ್ನೂ ಹತ್ತು ಡಾಲರ್ ಮುಂಗಡದ ಅಗ್ರಿಮೆಂಟಿನಲ್ಲಿ ಬರೆದುಕೊಡಲು ಹೊರಟಿದ್ದರು. ಈ ಮಾತು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಈಗ ಹೀಗೆ ಕೊಳ್ಳುವವರ ಲೆಕ್ಕ ನೋಡಿ. ಇದರಲ್ಲಿ ಗುಟ್ಟೇನಿಲ್ಲ, ಈ ವ್ಯಾಪಾರದಲ್ಲಿ ಇರುವವರೆಲ್ಲ ಹೇಳುವ ಸೂತ್ರವೇ. ರಿಪೇರಿ ಆದ ಮೇಲೆ ಮನೆಗೆ ಎಷ್ಟು ಬರುತ್ತದೋ ಅದರ 70 ಪರ್ಸೆಂಟ್ ತೆಗೆದುಕೊಳ್ಳಿ. ಅದರಲ್ಲಿ ರಿಪೇರಿ ಖರ್ಚು ಕಳೆಯಿರಿ. 3,20,000ಕ್ಕೆ 2,24,000. ರಿಪೇರಿಗೆ 80,000 ಕಳೆದರೆ 1,44,000. ದಳ್ಳಾಳಿ ತನ್ನ ಪಾಲು ತೆಗೆದು, ಚೌಕಾಸಿಗೆ ಸ್ವಲ್ಪ ಜಾಗ ಬಿಟ್ಟುಕೊಂಡು 1,15,000 ಅಂತಾನೆ. ಇಡೀ ಲೆಕ್ಕ ನಿಂತಿರುವುದು ರಿಪೇರಿಯ ಅಂದಾಜಿನ ಮೇಲೆ. ಗೋಡೆ ಮುಚ್ಚಿದ್ದಾಗ ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ, ಅದಕ್ಕೇ ಕೊಳ್ಳುವವನು ಜಾಸ್ತಿ ಹಿಡಿಯುತ್ತಾನೆ.

ಹಾಗಾಗಿ ನಾವು ಮಾಡಿದ್ದು ಇಷ್ಟೇ. ಸಹಿ ಹಾಕಲಿಲ್ಲ. ನಮ್ಮ ಹುಡುಗರು ಬಂದರು, ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಶೀಟ್‌ರಾಕ್, ಅಂದರೆ ಗೋಡೆಯ ಹಲಗೆ, ಕತ್ತರಿಸಿದರು. ಒದ್ದೆ ಇನ್ಸುಲೇಶನ್ ಕಿತ್ತು ಹಾಕಿದರು. ಬೂಷ್ಟು ಹಿಡಿಯಲು ಎರಡು ದಿನ ಸಾಕು, ಅದಕ್ಕೇ ಕಾಯಬಾರದು. ಕೆಡವುವ ಮುಂಚೆ ನೀರಿನ ಗೆರೆಯ ಫೋಟೋ, ಕೆಡವಿದ ಮೇಲೆ ಗೋಡೆಯೊಳಗಿನ ಮರದ ಕಂಬಗಳ ಫೋಟೋ. ತೇವ ಹೀರುವ ಡೀಹ್ಯುಮಿಡಿಫೈಯರ್ ಹಾಕಿ, ಆ ಮನೆಯಾಕೆ ದಿನಾ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಚುಚ್ಚಿ ಪ್ರತಿ ಕಂಬದ ಅಂಕಿಯನ್ನು ಕಂಬದ ಮೇಲೇ ಪೆನ್ಸಿಲ್‌ನಲ್ಲಿ ಬರೆದರು. ಮಗಳ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡುತ್ತೇವಲ್ಲ, ಹಾಗೆ. ನಂತರ ಇಬ್ಬರು ಕಂಟ್ರಾಕ್ಟರ್‌ಗಳಿಂದ ಬರಹದಲ್ಲಿ ಅಂದಾಜು ತೆಗೆಸಿದೆವು.

ನವೆಂಬರ್‌ನಲ್ಲಿ ಅವರು ಮನೆ ಮಾರಿದರು. ಇದ್ದ ಹಾಗೇ. ಕ್ಯಾಶ್‌ಗೇ. 1,90,000ಕ್ಕೆ. ಆ ಕ್ಲೇಮಿನ ಸಾಲನ್ನೂ ಹೊಡೆದುಹಾಕಿಸಿದರು. ಕೊಂಡವನಿಗೆ ಕಂಬದ ಮೇಲಿನ ಆ ಅಂಕಿಗಳನ್ನು ನೋಡಿಯೇ ಧೈರ್ಯ ಬಂತು. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಮೊದಲು ನಿಮ್ಮ ಲೆಕ್ಕ.

ಐದು ನಿಮಿಷ ಅಂತ ಚೀಟಿ ಬಂತು. ಊಟಕ್ಕೆ ಬಿಸಿಬೇಳೆಬಾತ್ ಇದೆ ಅಂತ ಕೇಳಿದೆ, ಅದರ ವಿರುದ್ಧ ನಿಲ್ಲುವ ಶಕ್ತಿ ಯಾವ ಉಪನ್ಯಾಸಕ್ಕೂ ಇಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇದ್ದ ಹಾಗೇ ಮಾರುತ್ತೇವೆ ಅಂದ ಮಾತ್ರಕ್ಕೆ ವಿಷಯ ಮುಚ್ಚಿಡುವ ಹಾಗಿಲ್ಲ. ಟೆಕ್ಸಸ್‌ನಲ್ಲಿ 2019ರ ಸೆಪ್ಟೆಂಬರ್ 1ರಿಂದ ಮಾರುವವರ ಡಿಸ್‌ಕ್ಲೋಶರ್ ಫಾರಂನಲ್ಲಿ ಮನೆಗೆ ಹಿಂದೆ ನೀರು ಬಂದಿತ್ತೇ, ಜಲಾಶಯದ ವ್ಯಾಪ್ತಿಯಲ್ಲಿ ಇದೆಯೇ ಅಂತ ಕೇಳುತ್ತಾರೆ. ಸತ್ಯ ಬರೆಯಿರಿ.

ಕ್ಯಾಶ್ ಅಂದವರ ಹತ್ತಿರ ಬ್ಯಾಂಕಿನ ಪತ್ರ ಕೇಳಿ. ಮುಂಗಡ, ಮನೆಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಗೆ ಹೋಗಲಿ, ಡೀಡ್‌ಗೆ, ಅಂದರೆ ಕ್ರಯಪತ್ರಕ್ಕೆ, ಸಹಿಯೂ ಅಲ್ಲೇ. 'ಸಾಲ ನಿಮ್ಮ ಹೆಸರಲ್ಲೇ ಇರಲಿ, ಕಂತು ನಾನು ಕಟ್ಟುತ್ತೇನೆ, ಡೀಡ್ ಮಾತ್ರ ಬರೆದುಕೊಡಿ' ಅಂದರೆ ದಯವಿಟ್ಟು ಬೇಡ ಅನ್ನಿ. ಅವನು ಕಟ್ಟದಿದ್ದರೆ ಹಾಳಾಗುವುದು ನಿಮ್ಮ ಕ್ರೆಡಿಟ್.

ಊರಿಗೆ ವಾಪಸ್ ಹೋಗುವ ಯೋಚನೆ ಇರುವವರು ಇದನ್ನು ಗಮನವಿಟ್ಟು ಕೇಳಿ. ಅಲ್ಲಿಗೆ ಹೋಗಿ, ಇಲ್ಲಿನ ತೆರಿಗೆ ಲೆಕ್ಕದಲ್ಲಿ ನಾನ್-ರೆಸಿಡೆಂಟ್ ಆದ ಮೇಲೆ ಮಾರಿದರೆ ಫರ್ಪ್ಟಾ ಅಂತ ಕಾನೂನು ಇದೆ. ಕೊಂಡವರು ಮಾರಾಟದ ಬೆಲೆಯ 15 ಪರ್ಸೆಂಟ್ ಹಿಡಿದುಕೊಂಡು ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಟ್ಟುತ್ತಾರೆ. ಲಾಭದ ಮೇಲಲ್ಲ, ಬೆಲೆಯ ಮೇಲೆ. 1,90,000ಕ್ಕೆ 28,500. ಕೊಂಡವನು ತಾನೇ ವಾಸ ಮಾಡುವುದಾದರೆ 3,00,000 ಡಾಲರ್‌ವರೆಗೆ ವಿನಾಯಿತಿ ಉಂಟು, ಆದರೆ ರಿಪೇರಿ ಮಾಡಿ ಮರುಮಾರಾಟ ಮಾಡುವವನು ಅಲ್ಲಿ ವಾಸ ಮಾಡುವುದಿಲ್ಲವಲ್ಲ. ಆಮೇಲೆ ರಿಟರ್ನ್ ಹಾಕಿ, ನಿಜವಾದ ತೆರಿಗೆಗಿಂತ ಹೆಚ್ಚಾದದ್ದನ್ನು ವಾಪಸ್ ಪಡೆಯಬಹುದು, ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ. ಹೊರಡುವ ಮುಂಚೆಯೇ ಒಬ್ಬ ಟ್ಯಾಕ್ಸ್ ಬಲ್ಲವರನ್ನು ಕೇಳಿ.

ಕೌಂಟಿಯೇ ಮನೆ ಕೊಳ್ಳುವ ಬೈಔಟ್ ಬಗ್ಗೆ, ದುರಸ್ತಿ ಖರ್ಚು ಅರ್ಧ ಬೆಲೆ ಮುಟ್ಟಿದರೆ ಬರುವ ನಿಯಮದ ಬಗ್ಗೆ ಹೇಳಬೇಕೆಂದಿದ್ದೆ. ಹೊತ್ತಿಲ್ಲ. ಫ್ಲಡ್ ಇನ್ಶೂರೆನ್ಸ್ ಮಾತ್ರ ಇವತ್ತು ರಾತ್ರಿಯೇ ನೋಡಿ. ಪಾಲಿಸಿ ಕೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಓಡಿದರೆ ಆಗುವುದಿಲ್ಲ. ಯಾರಾದರೂ ಈಗಾಗಲೇ ಇಂಥ ಅಗ್ರಿಮೆಂಟ್ ಹಿಡಿದುಕೊಂಡು ಬಂದಿದ್ದರೆ, ಊಟದ ಸಾಲಿಗೆ ಹೋಗುವ ಮುಂಚೆ ನನ್ನ ಹತ್ತಿರ ಬನ್ನಿ, ಕೂತು ಓದೋಣ.