ಹೊಟ್ಟೆಯ ಮೇಲಿದ್ದ ತಟ್ಟೆ ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಭಂಗಿಯ ಬಗ್ಗೆ ಮಾತಾಡುತ್ತೇನೆ. ಮನೆಗೆ ಹೋದಮೇಲೆ ನೀವೂ ಮಾಡಿ ನೋಡಬಹುದು. ನೆಲದ ಮೇಲೆ ಅಂಗಾತ ಮಲಗಿ. ಮೊಣಕೈ ಊರಿ ಬೆನ್ನನ್ನು ಅರ್ಧ ಮೇಲೆತ್ತಿ. ಮೊಣಕಾಲು ಮಡಚಿ ಪಾದ ನೆಲಕ್ಕೆ ಒತ್ತಿ. ಈಗ ಕತ್ತನ್ನು ಪೂರ್ತಿ ಒಂದು ಪಕ್ಕಕ್ಕೆ, ಭುಜದ ಕಡೆಗೆ ತಿರುಗಿಸಿ ಹಾಗೇ ಇರಿ. ಸ್ವಲ್ಪ ಹೊತ್ತಿಗೇ ಹೊಟ್ಟೆ ನಡುಗೋಕೆ ಶುರುವಾಗುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ. ನೋಡುವವರಿಗೆ ಮಾತ್ರ ನೀವು ಆರಾಮಾಗಿ ಒರಗಿದ ಹಾಗೆ ಕಾಣುತ್ತದೆ.

ಮೆಕ್ಸಿಕೋದ ಯುಕಟಾನ್ ಸೀಮೆಯಲ್ಲಿ ಚಿಚೆನ್ ಇಟ್ಸಾ ಎಂಬ ಮಾಯಾ ಜನರ ಹಳೆಯ ಪಟ್ಟಣವಿದೆ. ಸುಮಾರು ಸಾವಿರ ವರ್ಷದ ಹಿಂದೆ ಅಲ್ಲಿನ ಶಿಲ್ಪಿಗಳು ಹೀಗೇ ಒರಗಿದ ಗಂಡಸರನ್ನು ಕಲ್ಲಿನಲ್ಲಿ ಕೆತ್ತಿದರು. ಅಲ್ಲಿ ಅಂಥ 14 ಮೂರ್ತಿಗಳು ಸಿಕ್ಕಿವೆ. ವೀರರ ಗುಡಿ ಎಂದು ಈಗ ಕರೆಯುವ ಕಟ್ಟಡದ ಮೇಲೆ, ಬಾಗಿಲ ಮುಂದೆ ಒಬ್ಬ ಇವತ್ತಿಗೂ ಒರಗಿದ್ದಾನೆ. ಈ ಮೂರ್ತಿಗಳ ಮೊಣಕಾಲುಗಳು ಕಂಬದ ಹಾಗೆ ನೆಲಕ್ಕಿಳಿಯುತ್ತವೆ. ಹೊಟ್ಟೆಯ ಮೇಲೆ ಎರಡೂ ಕೈಯಲ್ಲಿ ಹಿಡಿದ ತಟ್ಟೆ. ದೇವರಿಗೆ ಅರ್ಪಿಸುವುದನ್ನು ಅದರಲ್ಲಿ ಇಡುತ್ತಿದ್ದರು ಎನ್ನುತ್ತಾರೆ.

1875ರಲ್ಲಿ ಅಗಸ್ಟಸ್ ಲ ಪ್ಲೋಂಜಾನ್ ಎಂಬ ಸಾಹಸಿ ಇಂಥ ಒಂದು ಮೂರ್ತಿಯನ್ನು ಅಗೆದು ತೆಗೆದ. ಅದರ ಸುತ್ತ ಒಬ್ಬ ರಾಜಕುಮಾರನ ಕಥೆ ಕಟ್ಟಿ, ಚಾಕ್‌ಮೂಲ್ ಎಂದು ಹೆಸರಿಟ್ಟ. ಕಥೆಯನ್ನು ಆಮೇಲೆ ಯಾರೂ ನಂಬಲಿಲ್ಲ, ಹೆಸರು ಮಾತ್ರ ಅಂಟಿಕೊಂಡಿತು. ಮೂರ್ತಿಯನ್ನು ಅಮೆರಿಕಕ್ಕೆ ಸಾಗಿಸುವ ಆಸೆಯೂ ಅವನಿಗಿತ್ತು. ಮೆಕ್ಸಿಕೋ ಸರ್ಕಾರ ಬಿಡಲಿಲ್ಲ, ತಾನೇ ವಶಕ್ಕೆ ತೆಗೆದುಕೊಂಡಿತು. ಒಳ್ಳೆಯದೇ ಆಯಿತು.

ಇದು ಅಪ್ಪಟ ಮಾಯಾ ಶಿಲ್ಪವೇ ಅಂತ ಕೇಳಿದರೆ ವಿದ್ವಾಂಸರಲ್ಲಿ ಜಗಳ ಇದೆ. ಸಾವಿರ ಕಿಲೋಮೀಟರ್‌ಗಿಂತ ದೂರದಲ್ಲಿ, ಮಧ್ಯ ಮೆಕ್ಸಿಕೋದಲ್ಲಿರುವ ತೂಲಾ ಎಂಬ ಹಳೆಯ ಪಟ್ಟಣದಲ್ಲೂ ಇಂಥವೇ ಮೂರ್ತಿಗಳಿವೆ. ಯಾರಿಂದ ಯಾರು ಕಲಿತರು ಎಂಬುದು ಇನ್ನೂ ಇತ್ಯರ್ಥ ಆಗಿಲ್ಲ. ಇನ್ನೂ ಹಳೆಯ ಮಾಯಾ ಕೆತ್ತನೆಗಳಲ್ಲಿ ಯುದ್ಧಕೈದಿಗಳನ್ನು ಅಂಗಾತ ಕೆಡವಿದ ಚಿತ್ರಗಳಿವೆ, ಈ ಭಂಗಿ ಅಲ್ಲಿಂದಲೇ ಬಂದಿರಬೇಕು ಎಂಬ ವಾದವೂ ಇದೆ. ನನಗೆ ಈ ವಾದ ಹಿಡಿಸುತ್ತದೆ. ಆ ಕತ್ತಿನ ತಿರುವಿನಲ್ಲಿ ಆರಾಮ ಕಾಣುವುದಿಲ್ಲ, ಎಚ್ಚರ ಕಾಣುತ್ತದೆ.

ಈಗ ಇಂಗ್ಲೆಂಡಿಗೆ ಬರೋಣ. ಈ ಭಂಗಿಯಿಂದ ಕಲಿತ ಅಲ್ಲಿನ ಶಿಲ್ಪಿ ಹೆನ್ರಿ ಮೂರ್ ಹುಟ್ಟಿದ್ದು 1898ರಲ್ಲಿ, ಯಾರ್ಕ್‌ಶೈರ್‌ನ ಕ್ಯಾಸಲ್‌ಫರ್ಡ್‌ನಲ್ಲಿ. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದರು. ಮೂರ್ 19ರ ವಯಸ್ಸಿಗೇ ಮೊದಲ ಮಹಾಯುದ್ಧದ ಕಾಂಬ್ರೇ ಕದನದಲ್ಲಿ ವಿಷಾನಿಲ ಕುಡಿದು ಬದುಕಿ ಬಂದವರು. ಆಮೇಲೆ ಲೀಡ್ಸ್‌ನ ಕಲಾಶಾಲೆ, 1921ರಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್.

ಆ ಕಾಲದ ಕಾಲೇಜಿನಲ್ಲಿ ಕಲ್ಲಿನ ಕೆಲಸಕ್ಕೆ ಒಂದು ಕ್ರಮ ಇತ್ತು. ಮೊದಲು ಮಣ್ಣಿನಲ್ಲಿ ಮಾದರಿ ಮಾಡು. ಪಾಯಿಂಟಿಂಗ್ ಮೆಷಿನ್ ಎಂಬ ಅಳತೆಯ ಸಲಕರಣೆಯಿಂದ ಮಾದರಿಯ ಒಂದೊಂದು ಬಿಂದುವನ್ನೂ ಕಲ್ಲಿಗೆ ಗುರುತು ಹಾಕು. ಆಮೇಲೆ ಗುರುತಿನ ತನಕ ಕಲ್ಲು ತೆಗಿ. ಮೂರ್‌ಗೆ ಇದು ಬೇಡವಾಗಿತ್ತು. ಇಟಲಿಯ ಒಂದು ಹಳೆಯ ಶಿಲ್ಪದಿಂದ ಕನ್ಯೆ ಮೇರಿಯ ತಲೆಯನ್ನು ನಕಲು ಮಾಡಬೇಕಾಗಿ ಬಂದಾಗ, ಮೆಷಿನ್ ಮುಟ್ಟದೆ ನೇರವಾಗಿ ಉಳಿ ಹಿಡಿದು ಕೆತ್ತಿಬಿಟ್ಟರು. ಸಿಕ್ಕಿಬೀಳಬಾರದಲ್ವಾ? ಅದಕ್ಕೆ ಮೆಷಿನ್ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳನ್ನು ತಾವೇ ಕಲ್ಲಿನ ಮೇಲೆ ಕೊರೆದಿಟ್ಟರು.

ಕಲ್ಲು ಕಲ್ಲಿನ ಹಾಗೇ ಕಾಣಬೇಕು, ಮಾಂಸದ ಹಾಗಲ್ಲ. ಇದು ಆ ಹುಡುಗನ ಹಟ. ಆ ಹಟಕ್ಕೆ ಬೆಂಬಲ ಸಿಕ್ಕಿದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿ ಇಟ್ಟಿದ್ದ ಮೆಕ್ಸಿಕೋದ ಕಲ್ಲುಗಳಲ್ಲಿ. ಚಿಕ್ಕಂದಿನಲ್ಲಿ ಯಾರ್ಕ್‌ಶೈರ್‌ನ ಚರ್ಚುಗಳಲ್ಲಿ ನೋಡಿದ ಹಳೆಯ ಕೆತ್ತನೆಗಳಿಗೂ ಇವಕ್ಕೂ ಹೋಲಿಕೆ ಕಂಡಿತು ಎಂದು ಅವರೇ ಮುಂದೆ ಬರೆದರು. ದೂರದ್ದು ಅಂತ ಅನಿಸಲೇ ಇಲ್ಲ ಅವರಿಗೆ.

ಅವರಿಗೆ ಚಾಕ್‌ಮೂಲ್ ಸಿಕ್ಕಿದ್ದು ಹೇಗೆ ಅಂತೀರಾ? ಪ್ಯಾರಿಸ್ಸಿನ ಟ್ರೊಕಾಡೆರೊ ಮ್ಯೂಸಿಯಂನಲ್ಲಿದ್ದ ಪ್ಲಾಸ್ಟರ್ ಅಚ್ಚಿನಿಂದ. ನನಗೆ ಇದು ಬಹಳ ತಮಾಷೆಯಾಗಿ ಕಾಣುತ್ತದೆ. ಕಲ್ಲಿನ ನಿಜ ಕಲ್ಲಿನಲ್ಲೇ ಇರಬೇಕು ಎಂದು ಹೊಡೆದಾಡಿದ ಮನುಷ್ಯನಿಗೆ ಆ ನಿಜ ದೊರೆತದ್ದು ಪ್ಲಾಸ್ಟರ್‌ನಲ್ಲಿ! ಮೂರ್ ಮೆಕ್ಸಿಕೋಗೆ ಹೋದದ್ದು 1953ರಲ್ಲಿ. ಅಷ್ಟು ಹೊತ್ತಿಗೆ ಚಾಕ್‌ಮೂಲ್‌ನಿಂದ ಕಲಿಯುವುದನ್ನೆಲ್ಲ ಕಲಿತು ಮುಗಿದಿತ್ತು.

ಕಲಿತದ್ದು ಏನು ಅಂತ ನೋಡಬೇಕಾದರೆ 1929ರಲ್ಲಿ ಮಾಡಿದ ಒರಗಿದ ಹೆಂಗಸಿನ ಶಿಲ್ಪ ನೋಡಬೇಕು. ಈಗ ಲೀಡ್ಸ್ ಆರ್ಟ್ ಗ್ಯಾಲರಿಯಲ್ಲಿದೆ. ಕಂದು ಬಣ್ಣದ ಹಾರ್ನ್‌ಟನ್ ಕಲ್ಲು. ಉದ್ದ ಒಂದು ಮೀಟರ್ ಕೂಡ ಇಲ್ಲ, ಫೋಟೋದಲ್ಲಿ ಮಾತ್ರ ಬೆಟ್ಟದಷ್ಟು ಕಾಣುತ್ತದೆ. ಮಡಚಿದ ಮೊಣಕಾಲು ಅದೇ. ಮೈಗೆ ಅಡ್ಡವಾಗಿ ತಿರುಗಿದ ತಲೆ ಅದೇ. ಎಲ್ಲೂ ತೆಳುವಾಗದ, ನೆಲಕ್ಕೆ ಕಚ್ಚಿ ಕೂತ ಭಾರವೂ ಅದೇ. ಬದಲಾದದ್ದೂ ಜಾಸ್ತಿ ಇದೆ. ಗಂಡಸು ಹೆಂಗಸಾಗಿದ್ದಾಳೆ. ಚಾಕ್‌ಮೂಲ್‌ನ ಎಡ ಬಲ ಎರಡೂ ಸಮ, ಇವಳು ಒಂದು ಪಕ್ಕಕ್ಕೆ ವಾಲಿದ್ದಾಳೆ. ಒಂದು ಕೈ ನೆಲಕ್ಕೆ ಊರಿದೆ, ಇನ್ನೊಂದು ತಲೆಯ ಹತ್ತಿರ ಹೋಗಿದೆ.

ತಟ್ಟೆ ಇಲ್ಲ.

ಮೂರ್ ಕದ್ದರು ಅಂತ ಬೈಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಯಾವ ಶಿಲ್ಪದಿಂದ ಕಲಿತೆ ಎಂದು ಅವರು ಜೀವನಪೂರ್ತಿ ಬಾಯಿ ಬಿಟ್ಟು ಹೇಳಿದರು. ಭಂಗಿಗೆ ಯಾರ ಪಟ್ಟಾನೂ ಇಲ್ಲ. ಆದರೆ ಅವರು ಬಿಟ್ಟದ್ದೇನು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಚಿಚೆನ್ ಇಟ್ಸಾದವರಿಗೆ ಆ ಮನುಷ್ಯ ಒರಗಿರುವುದೇ ತಟ್ಟೆ ಹಿಡಿಯೋಕೆ. ತಟ್ಟೆ ತೆಗೆದರೆ ಅವನಿಗೆ ಅಲ್ಲಿ ಕೆಲಸವೇ ಇಲ್ಲ. ಮೂರ್‌ಗೆ ಬೇಕಾದದ್ದು ಕೆಲಸ ಇಲ್ಲದ ಮೈ. ಸುಮ್ನೆ ಇರುವ ಮೈ.

1938ರಲ್ಲಿ ಹಸಿರು ಹಾರ್ನ್‌ಟನ್ ಕಲ್ಲಿನಲ್ಲಿ ಮಾಡಿದ ಇನ್ನೊಂದು ಒರಗಿದ ಹೆಂಗಸು ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಎದೆಯ ಕೆಳಗೆ, ಹೊಟ್ಟೆ ಇರಬೇಕಾದ ಕಡೆ ದೊಡ್ಡ ತೂತು. ಈ ಕಡೆಯಿಂದ ಆ ಕಡೆಗೆ ಕಾಣುತ್ತದೆ. ತಟ್ಟೆ ಇದ್ದ ಜಾಗಕ್ಕೇ ತೂತು ಬಂತು ಎಂಬುದು ನನ್ನ ಲೆಕ್ಕ. ಜಗಳಕ್ಕೆ ಬರುವವರು ಆಮೇಲೆ ಬನ್ನಿ, ಟೀ ಕುಡಿಯುತ್ತಾ ಮಾತಾಡೋಣ. 1958ರ ಹೊತ್ತಿಗೆ ಪ್ಯಾರಿಸ್ಸಿನ ಯುನೆಸ್ಕೋ ಕಚೇರಿಯ ಮುಂದೆ ಸುಮಾರು ಐದು ಮೀಟರ್ ಉದ್ದದ ಒರಗಿದ ಹೆಂಗಸನ್ನು ಟ್ರಾವರ್ಟೈನ್ ಕಲ್ಲಿನಲ್ಲಿ ಕೂರಿಸಿದರು. ಅಲ್ಲಿ ಚಾಕ್‌ಮೂಲ್‌ನನ್ನು ಹುಡುಕಿದರೆ ಸಿಗುತ್ತಾನೆ, ಹುಡುಕದಿದ್ದರೆ ಇಲ್ಲ.

ಮೂರ್ 1986ರಲ್ಲಿ ತೀರಿಕೊಂಡರು. ಇವತ್ತು ಕೆಲಸ ಮಾಡುತ್ತಿರುವ ಒಬ್ಬ ಕಲಾವಿದರ ಬಗ್ಗೆ ಹೇಳಿ ಮುಗಿಸುತ್ತೇನೆ. ಎಡ್ಗರ್ ಕಾಲೆಲ್, 1987ರಲ್ಲಿ ಗ್ವಾಟೆಮಾಲಾದ ಸಾನ್ ಹುವಾನ್ ಕೊಮಲಾಪಾದಲ್ಲಿ ಹುಟ್ಟಿದವರು. ಮಾಯಾ ಜನರಲ್ಲೇ ಕಾಕ್‌ಚಿಕೆಲ್ ಸಮುದಾಯದವರು. ಅವರಿಗೆ ಮಾಯಾ ಎಂದರೆ ಮ್ಯೂಸಿಯಂನ ಅಚ್ಚಲ್ಲ, ಮನೆಯ ಹಿರಿಯರು.

2021ರ ಅವರ ಒಂದು ಕೃತಿಯಲ್ಲಿ ಕೆತ್ತಿದ ಮೂರ್ತಿ ಯಾವುದೂ ಇಲ್ಲ. ನೆಲದ ಮೇಲೆ ಒರಟು ಕಲ್ಲುಗಳನ್ನು ಇಟ್ಟಿದ್ದಾರೆ. ಕಲ್ಲುಗಳ ಮೇಲೆ ಹಣ್ಣು, ತರಕಾರಿ. ಹಿರಿಯರಿಗೆ ಎಡೆ ಇಟ್ಟ ಹಾಗೆ, ಅಷ್ಟೇ. ಮೂರ್ ಭಂಗಿ ಇಟ್ಟುಕೊಂಡು ತಟ್ಟೆ ಬಿಟ್ಟರು, ಕಾಲೆಲ್ ಮೂರ್ತಿಯನ್ನೇ ಬಿಟ್ಟು ತಟ್ಟೆಯ ಕೆಲಸವನ್ನು ಕಲ್ಲಿಗೆ ವಹಿಸಿದರು.

ಅದೇ ಟೇಟ್ ಈ ಕೃತಿಗೂ ಕೈ ಚಾಚಿತು. ಆದರೆ ಕೊಂಡುಕೊಳ್ಳುವ ಹಾಗಿರಲಿಲ್ಲ. ಒಪ್ಪಂದ ಆದದ್ದು 13 ವರ್ಷ ಜೋಪಾನ ಮಾಡುವುದಕ್ಕೆ. ಮಾಯಾ ಪಂಚಾಂಗದಲ್ಲಿ 13 ದೊಡ್ಡ ಸಂಖ್ಯೆ. ಆ ಮ್ಯೂಸಿಯಂ ಈ ಕೃತಿಯ ಒಡೆಯ ಅಲ್ಲ, ಪಾಲಕ. ಗಡುವು ಮುಗಿದಮೇಲೆ ಮುಂದೇನು ಎಂಬುದನ್ನು ಎರಡೂ ಕಡೆಯವರು ಮತ್ತೆ ಕೂತು ಮಾತಾಡಿ ತೀರ್ಮಾನಿಸಬೇಕು.